ಗಾಳಿ ಕುಡಿಯುವ ಮೀನು: ನಮ್ಮ ಹೊಳೆಯ ಮುರ್ರೆಲ್ ಹುಟ್ಟಿ ಬೆಳೆಯುವ ಬಗೆ

ಮಿರಗ ಮಳೆ ಬಿದ್ದು ಹೊಳೆಗೆ ಹೊಸ ನೀರು ಬಂತು ಅಂದರೆ ಸಾಕು, ಮೊಬೈಲಿಗೆ ಒಂದೇ ತರದ ವಿಡಿಯೊಗಳು ಬರಲು ಶುರುವಾಗುತ್ತವೆ. ದಂಡೆಯ ಹತ್ತಿರ, ಜೊಂಡಿನ ಪಕ್ಕ, ನೀರಿನ ಮೇಲೆ ಕೆಂಪಗೆ ಏನೋ ಕೊತಕೊತ ಕುದಿಯುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಮುಳುಗುತ್ತದೆ, ಒಂದೆರಡು ಮಾರು ಆಚೆ ಮತ್ತೆ ಏಳುತ್ತದೆ. ಜೊತೆಗೆ ಬಂದ ಬರಹ ಓದಿದರೆ ಯಾರಿಗಾದರೂ ಭಯ ಆಗಬೇಕು. ಕಾರ್ಖಾನೆ ನೀರು ಬಿಟ್ಟಿದ್ದಾರೆ, ಇವು ಹಾವಿನ ಮರಿಗಳು, ಯಾವುದೋ ಹೊಸ ಹುಳ ಬಂದಿದೆ, ದನಗಳಿಗೆ ಈ ನೀರು ಕುಡಿಸಬೇಡಿ, ಹೀಗೆ.

ಅವು ಮೀನಿನ ಮರಿಗಳು. ಮುರ್ರೆಲ್ ಮೀನಿನ ಮರಿಗಳು. ಅವುಗಳ ಕೆಳಗೆ, ದಂಡೆ ಮೇಲೆ ನಿಂತವರಿಗೆ ಕಾಣದ ಹಾಗೆ, ಅಪ್ಪ ಅಮ್ಮ ಕಾವಲು ನಿಂತಿರುತ್ತವೆ.

ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಭೀಮೆಯ ದಂಡೆಯ ಊರುಗಳಲ್ಲಿ ಈ ಮೀನಿನ ರುಚಿ ಗೊತ್ತು, ರೇಟೂ ಗೊತ್ತು. ಅದು ಬದುಕುವ ರೀತಿ ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹೇಳಬೇಕಾದದ್ದು ತುಂಬಾ ಇದೆ, ಆದರೆ ಒಂದು ಎಳೆ ಹಿಡಿದುಕೊಂಡರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮುರ್ರೆಲ್ ನೀರಿನಲ್ಲಿದ್ದರೂ ಗಾಳಿ ಕುಡಿದು ಬದುಕುವ ಮೀನು. ಇದು ಗಟ್ಟಿಮುಟ್ಟಾಗಿರುವುದಕ್ಕೂ ಅದೇ ಕಾರಣ, ಸುಲಭವಾಗಿ ಮನುಷ್ಯರ ಕೈಗೆ ಸಿಗುವುದಕ್ಕೂ ಅದೇ ಕಾರಣ.

## ಯಾವ ಮೀನು ಇದು?

ಗಡಿಯ ಮರಾಠಿ ಮಾತಿನವರು ಮರಳ ಅನ್ನುತ್ತಾರೆ. ತೆಲುಗರಿಗೆ ಇದು ಕೊರ್ರಮೀನು. ಕನ್ನಡದಲ್ಲಿ ಮುರ್ಲ, ಕೊರವ, ಕುಚ್ಚು ಅಂತ ಊರಿಗೊಂದು ಹೆಸರಿದೆ. ಮಾರ್ಕೆಟ್ಟಿನಲ್ಲಿ ಮುರ್ರೆಲ್ ಅಂದರೆ ಎಲ್ಲರಿಗೂ ತಿಳಿಯುವುದರಿಂದ ಇಲ್ಲಿ ಅದನ್ನೇ ಬಳಸುತ್ತೇನೆ. ವಿಜ್ಞಾನದ ಪುಸ್ತಕದಲ್ಲಿ ಇದರ ಹೆಸರು ಚನ್ನಾ ಸ್ಟ್ರಯಾಟಾ. ಜರ್ಮನಿಯ ಬ್ಲಾಕ್ ಎಂಬ ವಿಜ್ಞಾನಿ 1793ರಲ್ಲಿ ಇದನ್ನು ಮೊದಲು ವಿವರಿಸಿ ಬರೆದರು. ಪಕ್ಕದ ತೆಲಂಗಾಣಕ್ಕೆ ಇದು ರಾಜ್ಯದ ಮೀನು.

ಮೈ ಉದ್ದ, ಮುಂಭಾಗ ದುಂಡು, ಬಾಲದ ಕಡೆ ಸ್ವಲ್ಪ ಚಪ್ಪಟೆ. ಬೆನ್ನು ಕಪ್ಪು ಹಸಿರು, ಹೊಟ್ಟೆ ಬೆಳ್ಳಗೆ, ಪಕ್ಕದಲ್ಲಿ ಓರೆಯಾದ ಕಪ್ಪು ಪಟ್ಟೆಗಳು. ಬೆನ್ನಿನ ಈಜುರೆಕ್ಕೆ ತಲೆಯ ಹಿಂದಿನಿಂದ ಶುರುವಾಗಿ ಬಾಲದವರೆಗೂ ಹೋಗುತ್ತದೆ. ತಲೆ ಚಪ್ಪಟೆಯಾಗಿದ್ದು ಮೇಲೆ ದೊಡ್ಡ ದೊಡ್ಡ ಹುರುಪೆ ಇರುತ್ತವೆ. ಹಾಗಾಗಿ ಥಟ್ಟನೆ ನೋಡಿದರೆ ಹಾವಿನ ತಲೆ ಅನ್ನಿಸುತ್ತದೆ. ವಿಷ ಇಲ್ಲ. ಚೇಳುಮೀನಿನ ಹಾಗೆ ಚುಚ್ಚುವ ಮುಳ್ಳೂ ರೆಕ್ಕೆಯಲ್ಲಿಲ್ಲ. ಹಲ್ಲು ಮಾತ್ರ ಚೂಪು, ಬಾಯಿಗೆ ಬೆರಳು ಇಟ್ಟು ಪರೀಕ್ಷೆ ಮಾಡುವುದು ಬೇಡ.

ಸಾಮಾನ್ಯವಾಗಿ ಒಂದೂವರೆ, ಎರಡು ಅಡಿಯದು ಸಿಗುತ್ತದೆ. ಚೆನ್ನಾಗಿ ಬೆಳೆದರೆ ಒಂದು ಮೀಟರ್‌ವರೆಗೂ ಹೋಗುತ್ತದೆ.

ಇದರ ಅಣ್ಣತಮ್ಮಂದಿರೂ ನಮ್ಮ ನೀರಿನಲ್ಲಿದ್ದಾರೆ. ಒಂದು ಮೀಟರ್ ದಾಟಿ ಬೆಳೆಯುವ, ಮೈಮೇಲೆ ಬಿಳಿ ಚುಕ್ಕೆಗಳಿರುವ, ಎಳೆಯದರಲ್ಲಿ ಬಾಲದ ಬುಡದಲ್ಲಿ ಕಣ್ಣಿನಂಥ ಗುರುತು ಕಾಣುವ ಮೀನು ಚನ್ನಾ ಮರುಲಿಯಸ್. ಇದಕ್ಕೆ ಹೂವಿನ ಮುರ್ಲ ಎಂಬ ಹೆಸರೂ ಉಂಟು. ಕೆರೆ, ಕಾಲುವೆಯಲ್ಲಿ ಗೇಣುದ್ದ ಸಿಗುವುದು ಚನ್ನಾ ಪಂಕ್ಟೇಟಾ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ, ನಮ್ಮ ಕಡೆ ಹೇಳುವುದಾದರೆ ಖಾನಾಪುರದ ಕಾಡಿನ ಕಡೆ, ಚನ್ನಾ ಗಚುವಾ ಎಂಬ ಸಣ್ಣ ಜಾತಿ ಇರುತ್ತದೆ. ಅದರ ಕಥೆಯೇ ಬೇರೆ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಅವನ್ನು ಬಾಯಿಯೊಳಗೆ ತುಂಬಿಕೊಂಡು, ಮರಿ ಆಗುವವರೆಗೆ ಅಲ್ಲೇ ಇಟ್ಟುಕೊಂಡು ಕಾಯುತ್ತದೆ. ಈ ಲೇಖನ ಪಟ್ಟೆ ಮುರ್ರೆಲ್ ಬಗ್ಗೆ.

## ನೀರಿನಲ್ಲಿದ್ದೂ ಗಾಳಿ ಯಾಕೆ ಬೇಕು?

ಎಲ್ಲ ಮೀನಿಗೂ ಆಮ್ಲಜನಕ ಬೇಕು. ಹೆಚ್ಚಿನ ಮೀನುಗಳು ಅದನ್ನು ನೀರಿನಿಂದ ಪಡೆಯುತ್ತವೆ. ಬಾಯಿಂದ ನೀರು ಎಳೆದು ಕಿವಿರಿನ ಮೂಲಕ ಹೊರಗೆ ಬಿಡುವಾಗ, ನೀರಿನಲ್ಲಿ ಕರಗಿದ ಆಮ್ಲಜನಕ ಕಿವಿರಿನ ರಕ್ತಕ್ಕೆ ಸೇರುತ್ತದೆ. ಕೇಳಲು ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಲೆಕ್ಕ ನೋಡಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇರುತ್ತದೆ. 30 ಡಿಗ್ರಿ ಬಿಸಿ ಇರುವ ಒಂದು ಲೀಟರ್ ನೀರಿನಲ್ಲಿ, ಅದೂ ಗಾಳಿ ಚೆನ್ನಾಗಿ ಬೆರೆತಿದ್ದರೆ, 5ರಿಂದ 6 ಮಿಲಿಲೀಟರ್ ಅಷ್ಟೇ. ಒಂದು ಹಿಡಿ ಜೋಳಕ್ಕಾಗಿ ಚೀಲಗಟ್ಟಲೆ ಹೊಟ್ಟು ತೂರುವ ಕೆಲಸ ಅದು. ಹರಿಯುವ ಹೊಳೆಯಲ್ಲಾದರೆ ಇದು ನಡೆಯುತ್ತದೆ, ಯಾಕೆಂದರೆ ಹೊಸ ನೀರು ಬರುತ್ತಲೇ ಇರುತ್ತದೆ.

ನಿಂತ ನೀರಿನಲ್ಲಿ ಕಷ್ಟ ಶುರು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದುಕೊಂಡರೆ, 30 ಡಿಗ್ರಿಯದು ಏಳೂವರೆಗೆ ಇಳಿಯುತ್ತದೆ. ಮೇಲಾಗಿ ಕೊಳೆಯುವ ಎಲೆ, ಕಬ್ಬಿನ ರವದಿ, ಊರಿನ ಗಲೀಜು ಏನು ಬಿದ್ದರೂ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನೂ ಬಳಸಿಕೊಳ್ಳುತ್ತವೆ. ಪಾಚಿ, ಜೊಂಡು, ಅಂತರಗಂಗೆ ಹಗಲು ಹೊತ್ತಿನಲ್ಲಿ ಆಮ್ಲಜನಕ ಬಿಟ್ಟರೂ ರಾತ್ರಿ ಅವೂ ಉಸಿರಾಡಬೇಕು. ಹಾಗಾಗಿ ನಸುಕಿನ ಹೊತ್ತಿಗೆ ಕೆರೆಯ ನೀರಿನಲ್ಲಿ ಉಸಿರು ತೀರಾ ಕಡಿಮೆ. ಹೊಂಡದಲ್ಲಿ ಕಟ್ಲಾ, ರೋಹು ಸಾಕಿದವರು ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ನೋಡಿರುತ್ತಾರೆ. ಅದು ಉಸಿರು ಕಟ್ಟಿದ ಲಕ್ಷಣ.

ಮುರ್ರೆಲ್ ಹುಡುಕಿ ಹುಡುಕಿ ಇಂಥ ನೀರಿನಲ್ಲೇ ಇರುತ್ತದೆ. ಹೊಳೆಯ ನಡುವಿನ ಸೆಳವಿಗೆ ಹೋಗುವುದು ಕಡಿಮೆ. ದಂಡೆಯ ಜೊಂಡು, ಹಿನ್ನೀರಿನ ಅಂಚು, ಬಾಂದಾರದ ಹಿಂದೆ ನಿಂತ ನೀರು, ಕಾಲುವೆಯ ಕೊನೆಯ ಕೆಸರು ಇದರ ಮನೆ. ಅಲ್ಲಿ ಬದುಕಲು ಇದಕ್ಕೆ ಒಂದು ಹೆಚ್ಚಿನ ಅಂಗ ಇದೆ. ಕಿವಿರಿನ ಮೇಲ್ಗಡೆ, ತಲೆಯ ಒಳಗೆ ಎರಡೂ ಪಕ್ಕದಲ್ಲಿ ಒಂದೊಂದು ಸಣ್ಣ ಕೋಣೆ. ಅದರ ಒಳಗಿನ ಚರ್ಮ ಮಡಿಕೆ ಮಡಿಕೆಯಾಗಿ, ರಕ್ತನಾಳ ತುಂಬಿಕೊಂಡು, ಸದಾ ಒದ್ದೆಯಾಗಿರುತ್ತದೆ. ಮೀನು ಮೇಲೆ ಬಂದು, ಹಳೆ ಗಾಳಿಯನ್ನು ಗುಳ್ಳೆಯಾಗಿ ಬಿಟ್ಟು, ಹೊಸ ಗಾಳಿ ನುಂಗಿ, ಬಾಲ ಬಡಿದು ಕೆಳಗೆ ಹೋಗುತ್ತದೆ. ನುಂಗಿದ ಗಾಳಿಯ ಆಮ್ಲಜನಕ ಆ ಕೋಣೆಯಲ್ಲಿ ರಕ್ತಕ್ಕೆ ಸೇರುತ್ತದೆ. ಶ್ವಾಸಕೋಶ ಮಾಡುವ ಕೆಲಸವೇ ಇದು, ಆದರೆ ಇದು ಶ್ವಾಸಕೋಶ ಅಲ್ಲ, ಹುಟ್ಟಿದ ಜಾಗ ಬೇರೆ. ಕಿವಿರು ಸುಮ್ನೆ ಕೂರುವುದಿಲ್ಲ. ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್‌ನ ಹೆಚ್ಚಿನ ಪಾಲು ಕಿವಿರಿನ ಮೂಲಕವೇ ನೀರಿಗೆ ಹೋಗುತ್ತದೆ.

ಇಲ್ಲಿ ಒಂದು ಮುಖ್ಯ ವಿಷಯ. ಬೆಳೆದ ಮುರ್ರೆಲ್‌ಗೆ ಗಾಳಿ ಬೇಕಾದಾಗ ಕುಡಿಯುವ, ಬೇಡವಾದರೆ ಬಿಡುವ ವಸ್ತು ಅಲ್ಲ. ಕುಡಿಯಲೇಬೇಕು. ನೀರು ಎಷ್ಟೇ ಚೆನ್ನಾಗಿರಲಿ, ಮೇಲೆ ಬರಲು ಬಿಡದಿದ್ದರೆ ಅದು ಉಸಿರುಗಟ್ಟಿ ಸಾಯುತ್ತದೆ. ರಾತ್ರಿ ಆಳದಲ್ಲಿ ಕಟ್ಟಿದ ಬಲೆಗೆ ಸಿಕ್ಕ ಮುರ್ರೆಲ್ ಬೆಳಿಗ್ಗೆ ಸತ್ತಿದ್ದರೆ ಅದಕ್ಕೆ ಇದೇ ಕಾರಣ. ಮೀನೂ ನೀರಿನಲ್ಲಿ ಮುಳುಗಿ ಸಾಯುತ್ತದೆ ಅಂದರೆ ನಗಬೇಡಿ.

ಬುಟ್ಟಿಯಲ್ಲಿ ನಾಲ್ಕು ಬೆರಳು ನೀರಿನಲ್ಲಿ ಇದು ಮಧ್ಯಾಹ್ನದವರೆಗೂ ಒದ್ದಾಡುತ್ತಾ ಬದುಕಿರುವುದಕ್ಕೂ ಅದೇ ಕಾರಣ. ಪಕ್ಕದ ಬುಟ್ಟಿಯ ರೋಹು ಅಷ್ಟರಲ್ಲಿ ಐಸಿನ ಮೇಲೆ ಮಲಗಿರುತ್ತದೆ. ರೋಹುವನ್ನು ನೀರಿನಿಂದ ತೆಗೆದರೆ ಅದರ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ಸುತ್ತ ಗಾಳಿ ತುಂಬಿದ್ದರೂ ಅದಕ್ಕೆ ಉಪಯೋಗ ಇಲ್ಲ. ಮುರ್ರೆಲ್‌ನ ಕೋಣೆ ಗಾಳಿಗಾಗಿಯೇ ಆದದ್ದು, ಒದ್ದೆ ಆರದಿದ್ದರೆ ಸಾಕು.

## ಹೊಳೆ ಬತ್ತಿದಾಗ ಎಲ್ಲಿ ಹೋಗುತ್ತದೆ?

2019 ನೆನಪಿದೆಯಾ? ಬೇಸಿಗೆಯಲ್ಲಿ ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆ ಕೃಷ್ಣೆ ಬತ್ತಿ, ಕೊಯ್ನಾದಿಂದ ನೀರು ಬಿಡಿ ಅಂತ ಜನ ಕೂಗಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ಊರುಗಳನ್ನು ಮಹಾಪೂರ ಮುಳುಗಿಸಿತು. ಎರಡು ಮೂರು ತಿಂಗಳ ಅಂತರದಲ್ಲಿ ಈ ತುದಿಯಿಂದ ಆ ತುದಿಗೆ. ನಮ್ಮ ಕಡೆಯ ಹೊಳೆಗಳ ಜವಾರಿ ಮೀನುಗಳು ಇಂಥ ಏರಿಳಿತವನ್ನು ಹೇಗೋ ದಾಟಿಕೊಂಡೇ ಬಂದಿವೆ. ಮುರ್ರೆಲ್ ದಾಟುವ ದಾರಿ ಎರಡು.

ಮೊದಲನೆಯದು ಕೆಸರು. ನೀರು ಇಳಿಯುತ್ತಾ ಬಂದ ಹಾಗೆ ಇದು ಮಡುಗಳಿಗೆ ಸೇರುತ್ತದೆ. ಮಡುವೂ ಬತ್ತಿದರೆ ಕೆಸರಿನೊಳಗೆ ಹುದುಗುತ್ತದೆ. ಮೇಲಿನ ಮಣ್ಣು ಬಿರಿದರೂ ಕೆಳಗೆ ತೇವ ಇದ್ದರೆ, ಬಾಯಿಗೆ ಗಾಳಿ ಎಟಕಿದರೆ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೇ ಇರಬಲ್ಲದು. ಆ ಹೊತ್ತಿನಲ್ಲಿ ಮೈಯಲ್ಲಿ ಕೂಡಿಟ್ಟ ಕೊಬ್ಬೇ ಊಟ. ಅಲುಗಾಡದೆ ಇರುವುದರಿಂದ ಖರ್ಚೂ ಕಡಿಮೆ. ನಮ್ಮ ಎರೆಮಣ್ಣು ತೇವವನ್ನು ಬೇಗ ಬಿಟ್ಟುಕೊಡುವುದಿಲ್ಲ. ಮೇಲೆ ಕಾಲು ಹೋಗುವಷ್ಟು ಬಿರುಕು ಬಿದ್ದಿದ್ದರೂ ಕೆಳಗೆ ಅಗೆದರೆ ಜಿಗುಟು ಜಿಗುಟಾಗಿರುತ್ತದೆ ಅನ್ನುವುದು ಹೊಲದವರಿಗೆ ಗೊತ್ತೇ ಇದೆ.

ಎರಡನೆಯದು ನಡಿಗೆ. ನಡಿಗೆ ಅನ್ನುವುದಕ್ಕಿಂತ ತೆವಳುವಿಕೆ. ಎದೆಯ ರೆಕ್ಕೆ ಊರಿ, ಮೈ ಬಳುಕಿಸಿ, ಒದ್ದೆ ಹುಲ್ಲಿನ ಮೇಲೆ ಒಂದು ಹೊಂಡದಿಂದ ಇನ್ನೊಂದಕ್ಕೆ ದಾಟುತ್ತದೆ. ಇದನ್ನು ಹೆಚ್ಚಾಗಿ ಮಳೆಯಲ್ಲಿ, ರಾತ್ರಿ ಹೊತ್ತು ಮಾಡುತ್ತದೆ, ಯಾಕೆಂದರೆ ಒಣ ನೆಲದಲ್ಲಿ ಮೈ ಆರಿದರೆ ಮುಗಿಯಿತು. ಹೊಲದ ಬದುವಿನಲ್ಲಿ ಮೀನು ಸಿಕ್ಕಿತು, ಆಕಾಶದಿಂದ ಬಿದ್ದಿರಬೇಕು ಅಂತ ಹೇಳುವವರಿದ್ದಾರೆ. ಹತ್ತಿರದಲ್ಲಿ ಕಾಲುವೆ ಇದೆಯಾ ಅಂತ ಒಮ್ಮೆ ನೋಡಿ.

## ಮಿರಗದ ನೀರು, ಮೊಟ್ಟೆಯ ಹೊತ್ತು

ವರ್ಷ ತುಂಬುವ ಹೊತ್ತಿಗೆ, ಸುಮಾರು ಒಂದಡಿ ಉದ್ದಕ್ಕೆ ಬಂದಾಗ, ಮುರ್ರೆಲ್ ಮರಿ ಮಾಡಲು ತಯಾರು. ನೀರಿದ್ದರೆ ಬೇರೆ ತಿಂಗಳಲ್ಲೂ ಮೊಟ್ಟೆ ಇಡುವುದುಂಟು, ಆದರೆ ಜೋರು ಹಂಗಾಮು ಮಳೆಗಾಲವೇ. ಹೊಸ ನೀರು ಬಂದು ದಂಡೆಯ ಹುಲ್ಲು, ಹೊಲದ ಅಂಚು ಮುಳುಗಿದಾಗ ಹೊಸದಾಗಿ ಆಳವಿಲ್ಲದ ಜಾಗ ಸಿಗುತ್ತದೆ. ಅಲ್ಲಿ ಹುಳಹುಪ್ಪಟೆ ಜಾಸ್ತಿ, ದೊಡ್ಡ ಮೀನುಗಳ ಕಾಟ ಕಡಿಮೆ.

ಜೋಡಿಯಾದ ಗಂಡು ಹೆಣ್ಣು ಜೊಂಡಿನ ನಡುವೆ ಒಂದು ಜಾಗ ಆರಿಸಿ, ಬಾಯಿಂದ ಗಿಡ ಕಚ್ಚಿ ಕಿತ್ತು, ಬಾಲದಿಂದ ಸರಿಸಿ, ದುಂಡಗೆ ಒಂದು ಬಯಲು ಮಾಡುತ್ತವೆ. ಸುತ್ತ ಗಿಡದ ಗೋಡೆ, ನಡುವೆ ತೆರೆದ ನೀರು. ಆಮೇಲೆ ಗಂಡು ಹೆಣ್ಣಿನ ಮೈಗೆ ಸುತ್ತಿಕೊಳ್ಳುತ್ತದೆ. ಹೆಣ್ಣು ಮೊಟ್ಟೆ ಬಿಟ್ಟ ಹಾಗೇ ಗಂಡು ವೀರ್ಯ ಬಿಡುತ್ತದೆ. ಮೊಟ್ಟೆ ಮತ್ತು ವೀರ್ಯ ಸೇರುವುದು ಮೈಯ ಹೊರಗೆ, ನೀರಿನಲ್ಲಿ.

ಮೊಟ್ಟೆ ಒಂದರಿಂದ ಒಂದೂವರೆ ಮಿಲಿಮೀಟರ್, ಹಳದಿ ಬಣ್ಣ. ಪ್ರತಿ ಮೊಟ್ಟೆಯೊಳಗೂ ಒಂದು ಎಣ್ಣೆಯ ಹನಿ ಇರುತ್ತದೆ. ಅದರಿಂದಾಗಿ ಮೊಟ್ಟೆಗಳು ತಳಕ್ಕೆ ಹೋಗದೆ ನೀರಿನ ಮೇಲೆ ಒಂದು ಪದರವಾಗಿ ತೇಲುತ್ತವೆ. ಯಾಕೆ ತೇಲಬೇಕು? ಮತ್ತೆ ಅದೇ ಉಸಿರಿನ ಮಾತು. ಕೊಳೆತ ತಳದ ನೀರಿನಲ್ಲಿ ಆಮ್ಲಜನಕ ಇಲ್ಲ, ಮೊಟ್ಟೆಗೆ ಗಾಳಿ ನುಂಗುವ ಬಾಯಿಯೂ ಇಲ್ಲ. ಗಾಳಿಗೆ ತಾಗಿದ ಮೇಲಿನ ಪದರದಲ್ಲಿದ್ದರೆ ಮಾತ್ರ ಉಸಿರು ಸಿಗುತ್ತದೆ.

ಒಂದು ಹೆಣ್ಣು ಎಷ್ಟು ಮೊಟ್ಟೆ ಇಡುತ್ತದೆ? ಅದರ ಗಾತ್ರದ ಮೇಲೆ ಹೋಗುತ್ತದೆ. ಕೆಲವು ಸಾವಿರದಿಂದ ಹತ್ತಾರು ಸಾವಿರ. ಜಾಸ್ತಿ ಅನ್ನಿಸಿತಾ? ರೋಹು ಮೀನು ಮೈತೂಕದ ಒಂದೊಂದು ಕಿಲೋಗೆ ಸುಮಾರು ಎರಡು ಲಕ್ಷ ಮೊಟ್ಟೆ ಇಡುತ್ತದೆ. ಇಟ್ಟು, ಪ್ರವಾಹದ ನೀರಿನಲ್ಲಿ ಬಿಟ್ಟು ಹೋಗಿಬಿಡುತ್ತದೆ. ಲಕ್ಷದಲ್ಲಿ ನಾಲ್ಕು ಬದುಕಿದರೂ ಅದಕ್ಕೆ ಸಾಕು. ಮುರ್ರೆಲ್ ಲೆಕ್ಕ ಬೇರೆ. ಕಡಿಮೆ ಇಡುತ್ತದೆ, ಆದರೆ ಕಾಯುತ್ತದೆ. ಈ ಕಾಯುವ ಕೆಲಸ ತಪ್ಪಿದರೆ ಇಡೀ ಲೆಕ್ಕವೇ ತಲೆಕೆಳಗು.

ರೋಹು, ಕಟ್ಲಾದ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವಕ್ಕೆ ಮೊಟ್ಟೆ ಇಡಲು ಹರಿಯುವ ಪ್ರವಾಹದ ನೀರು ಬೇಕು, ಸಾಮಾನ್ಯವಾಗಿ ನಿಂತ ಕೆರೆಯಲ್ಲಿ ಇಡುವುದಿಲ್ಲ. ಹೀರಾಲಾಲ್ ಚೌಧುರಿ ಅವರು 1957ರ ಜುಲೈ 10ರಂದು ಒಡಿಶಾದಲ್ಲಿ ಹಾರ್ಮೋನ್ ಚುಚ್ಚಿ ಸಾಕಿದ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ದೇಶದಲ್ಲಿ ಮರಿ ಸಿಗುವುದು ಸುಲಭವಾದದ್ದು. ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ಆಚರಿಸುವುದು ಅದಕ್ಕೇ. ನಮ್ಮ ಜಲಾಶಯಗಳಿಗೆ ಮರಿ ತಂದು ಬಿಡುವುದೂ ಆ ಜಾತಿಗಳನ್ನೇ. ಮುರ್ರೆಲ್ ಮಾತ್ರ ನಿಂತ ನೀರಿನಲ್ಲಿ, ಯಾರ ಸಹಾಯವೂ ಇಲ್ಲದೆ, ತನ್ನ ಸಂಸಾರ ತಾನೇ ನಡೆಸುತ್ತದೆ.

## ಕೆಂಪು ಮರಿಗಳು, ಕಾವಲು ಕಾಯುವ ಅಪ್ಪ

ಬಿಸಿ ನೀರಿನಲ್ಲಿ ಒಂದು, ಒಂದೂವರೆ ದಿನದೊಳಗೆ ಮೊಟ್ಟೆ ಒಡೆದು ಮರಿ ಬರುತ್ತದೆ. ಆಗ ಅದು ಬರೀ ಒಂದು ಎಳೆ, ಹೊಟ್ಟೆಗೆ ಅಂಟಿಕೊಂಡ ಭಂಡಾರದ ಚೀಲವೇ ಊಟ. ಮೂರು ನಾಲ್ಕು ದಿನದಲ್ಲಿ ಆ ಚೀಲ ಕರಗುತ್ತದೆ. ಅಲ್ಲಿಂದ ಬಾಯಿ ತೆರೆದು ನೀರಿನ ಸೂಕ್ಷ್ಮ ಜೀವಿಗಳನ್ನು ತಿನ್ನಲು ಶುರು ಮಾಡುತ್ತದೆ.

ಮೈ ಬೆಳೆದ ಹಾಗೆ ಕೆಂಪು ಕಿತ್ತಳೆ ಬಣ್ಣ ಏರುತ್ತದೆ. ಮರಿಗಳೆಲ್ಲ ಒಂದೇ ಮುದ್ದೆಯಾಗಿ ಓಡಾಡುತ್ತವೆ. ತಲೆಯೊಳಗಿನ ಗಾಳಿ ಕೋಣೆ ಹುಟ್ಟಿದ ದಿನವೇ ಇರುವುದಿಲ್ಲ, ಕೆಲವು ವಾರಗಳಲ್ಲಿ ನಿಧಾನಕ್ಕೆ ರೂಪಗೊಳ್ಳುತ್ತದೆ. ಅದು ಕೆಲಸ ಶುರು ಮಾಡಿದ ಮೇಲೆ ಮರಿಗಳೂ ಮೇಲೆ ಬಂದು ಗಾಳಿ ಕುಡಿಯಬೇಕು. ಒಂದೊಂದಾಗಿ ಬಂದರೆ ಕೊಕ್ಕರೆ, ನೀರುಕಾಗೆಗಳಿಗೆ ಸುಲಭದ ತುತ್ತು. ಎಲ್ಲ ಒಟ್ಟಿಗೆ ಬಂದು ಒಟ್ಟಿಗೆ ಇಳಿದರೆ ಹಕ್ಕಿಗೆ ಸಿಗುವುದು ಒಂದೋ ಎರಡೋ. ನೀರು ಕುದಿಯುವ ಹಾಗೆ ಕಾಣುವುದು ಈ ಏರಿಳಿತದಿಂದ.

ಅಪ್ಪ ಅಮ್ಮ ಕೆಳಗೇ ಇರುತ್ತವೆ. ಮೊಟ್ಟೆ ಇಟ್ಟ ಕ್ಷಣದಿಂದ ಕಾವಲು ಶುರು. ಇಬ್ಬರೂ ಕಾಯುತ್ತಾರೆ, ಗಂಡಿನ ಪಾಲು ಹೆಚ್ಚು. ಕಪ್ಪೆ ಬರಲಿ, ಇನ್ನೊಂದು ಮೀನು ಬರಲಿ, ನೇರ ನುಗ್ಗುತ್ತದೆ. ಒಂದು ತಿಂಗಳು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೀಗೆ ನಡೆಯುತ್ತದೆ. ಮರಿಗಳು ಎರಡು ಇಂಚಿನ ಹತ್ತಿರ ಬಂದಾಗ ಕೆಂಪು ಬಣ್ಣ ಹೋಗಿ ಕಂದು ಬರುತ್ತದೆ, ಗುಂಪು ಒಡೆಯುತ್ತದೆ, ಒಂದೊಂದು ಒಂದೊಂದು ದಿಕ್ಕು ಹಿಡಿದು ತಳಕ್ಕೆ ಇಳಿಯುತ್ತವೆ. ಅಲ್ಲಿಗೆ ಅಪ್ಪ ಅಮ್ಮನ ಕೆಲಸ ಮುಗಿಯಿತು.

ಈ ಕಾವಲಿನಲ್ಲೇ ಅಪಾಯ ಇದೆ. ಕೆಂಪು ಗುಂಪು ಕಂಡ ಕಡೆ ದೊಡ್ಡ ಮೀನು ಇದ್ದೇ ಇರುತ್ತದೆ ಅನ್ನುವುದು ಗಾಳ ಹಾಕುವವರಿಗೆ ಚೆನ್ನಾಗಿ ಗೊತ್ತು. ಗಾಳಕ್ಕೆ ಕಪ್ಪೆ ಸಿಕ್ಕಿಸಿ ಮರಿಗಳ ಮೇಲೆ ಆಡಿಸಿದರೆ ಅಪ್ಪ ನುಗ್ಗಿ ಕಚ್ಚುತ್ತದೆ. ಹಸಿವೆಯಿಂದ ಕಚ್ಚುವುದಲ್ಲ, ಓಡಿಸಲು ಬಂದು ಕಚ್ಚುವುದು. ಬೇರೆ ಹೊತ್ತಿನಲ್ಲಿ ಇಷ್ಟು ಜಾಣ, ಇಷ್ಟು ಅಂಜುಕುಳಿ ಮೀನು ಆ ತಿಂಗಳು ಮಾತ್ರ ತೀರಾ ಸುಲಭವಾಗಿ ಸಿಗುತ್ತದೆ. ಅದನ್ನು ಎತ್ತಿಕೊಂಡು ಹೋದರೆ ಸಿಗುವುದು ಒಂದು ಕಿಲೋ ಮೀನು. ಹೋಗುವುದು ಸಾವಿರಾರು ಮರಿ, ಯಾಕೆಂದರೆ ಕಾವಲಿಲ್ಲದ ಮುದ್ದೆ ಬೇರೆ ಮೀನುಗಳ ಬಾಯಿಗೆ ತಟ್ಟೆಯಲ್ಲಿ ಇಟ್ಟ ಹಾಗೇ. ಮರಿಗಳನ್ನೇ ಸೊಳ್ಳೆ ಪರದೆಯಲ್ಲಿ ಬಾಚಿಕೊಂಡು ಹೋಗುವವರೂ ಇದ್ದಾರೆ. ಒಂದು ತಿಂಗಳು ಬಿಟ್ಟು ಅದೇ ಜಾಗಕ್ಕೆ ಬಂದರೆ ಅದೇ ಮೀನು ಅಲ್ಲೇ ಸುತ್ತಮುತ್ತ ಇರುವ ಸಾಧ್ಯತೆ ಹೆಚ್ಚು.

## ಏನು ತಿನ್ನುತ್ತದೆ?

ಬಾಯಿಗೆ ಹಿಡಿಸುವುದನ್ನೆಲ್ಲ. ಮರಿಯಾಗಿದ್ದಾಗ ಸೂಕ್ಷ್ಮ ಜೀವಿ, ಆಮೇಲೆ ಹುಳ, ಸಿಗಡಿ, ಗೊದಮೊಟ್ಟೆ, ದೊಡ್ಡದಾದ ಮೇಲೆ ಕಪ್ಪೆ, ಸಣ್ಣ ಮೀನು. ಓಡಿಸಿಕೊಂಡು ಹೋಗಿ ಹಿಡಿಯುವುದಿಲ್ಲ. ಜೊಂಡಿನಲ್ಲಿ ಕಟ್ಟಿಗೆ ತುಂಡಿನ ಹಾಗೆ ಅಲುಗಾಡದೆ ನಿಂತು, ಹತ್ತಿರ ಬಂದ ಕೂಡಲೇ ಒಂದೇ ನೆಗೆತ. ತನ್ನ ಜಾತಿಯ ಸಣ್ಣವನ್ನೂ ಬಿಡುವುದಿಲ್ಲ. ಮರಿ ಇದ್ದಾಗ ಪ್ರಾಣ ಕೊಟ್ಟು ಕಾಯುವ ಜಾತಿಯೇ, ಗುಂಪು ಒಡೆದ ಮೇಲೆ ಸಣ್ಣದು ಸಿಕ್ಕರೆ ನುಂಗಿ ಹಾಕುತ್ತದೆ.

## ಮೈಮೇಲಿನ ಕೆಂಪು ಹುಣ್ಣು

ಮಳೆಗಾಲ ಮುಗಿದು ಚಳಿ ಶುರುವಾಗುವಾಗ ಕೆಲವು ಕಡೆ ಮುರ್ರೆಲ್ ಮೈಮೇಲೆ ಕೆಂಪು ಕಲೆ, ಆಮೇಲೆ ಮಾಂಸ ಕಾಣುವಂಥ ಹುಣ್ಣು ಕಾಣಿಸುತ್ತದೆ. ಇದಕ್ಕೆ ಕಾರಣ ಅಫನೊಮೈಸಿಸ್ ಇನ್ವಡನ್ಸ್ ಎಂಬ, ಬೂಷ್ಟಿನಂಥ ಒಂದು ನೀರಿನ ಜೀವಿ. ಅದರ ಬೀಜಕಣಗಳು ನೀರಿನಲ್ಲಿ ಈಜಿ ಬಂದು ಚರ್ಮಕ್ಕೆ ಅಂಟಿಕೊಂಡು ಎಳೆ ಬಿಟ್ಟು ಮಾಂಸದೊಳಗೆ ಇಳಿಯುತ್ತವೆ. ಭಾರತಕ್ಕೆ ಇದು ಬಂದದ್ದು 1988ರಲ್ಲಿ, ಈಶಾನ್ಯ ರಾಜ್ಯಗಳ ಕಡೆಯಿಂದ. ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಹಬ್ಬಿತು. ಕಟ್ಲಾ, ರೋಹುವಿಗಿಂತ ಮುರ್ರೆಲ್ ಜಾತಿಗೆ ಇದರ ಪೆಟ್ಟು ಜೋರು.

ಸಾಕಿದ ಹೊಂಡಗಳಲ್ಲಿ ಸುಣ್ಣ ಹಾಕಿ ಹತೋಟಿಗೆ ತರುತ್ತಾರೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಕೃಷಿ ಸಂಸ್ಥೆಯವರು ಸೀಫ್ಯಾಕ್ಸ್ ಎಂಬ ಔಷಧಿಯನ್ನೇ ಇದಕ್ಕಾಗಿ ತಯಾರಿಸಿದ್ದಾರೆ. ಹೊಳೆಗೆ ಸುಣ್ಣ ಹಾಕುವುದು ಆಗದ ಮಾತು. ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಆದರೂ ಹುಣ್ಣಾದ ಮೀನನ್ನು ಕೊಳ್ಳುವುದು ಬೇಡ, ಆ ಹುಣ್ಣಿನಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತವೆ.

## ಹಿನ್ನೀರು ಏರಿದರೆ ಒಳ್ಳೆಯದೋ ಕೆಟ್ಟದ್ದೋ?

ಆಲಮಟ್ಟಿಯ ಈಗಿನ ತುಂಬು ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಮುಳುಗುವ ಊರು, ಹೊಲದ ಚರ್ಚೆ ನಡೆಯುತ್ತದೆ, ಅದು ಸರಿಯೇ. ಮೀನಿನ ಕಡೆಯಿಂದ ನೋಡಿದರೆ ಉತ್ತರ ಒಂದೇ ಅಲ್ಲ.

ಹರಿಯುವ ನೀರೇ ಬೇಕು ಅನ್ನುವ ಜವಾರಿ ಮೀನುಗಳಿಗೆ ಅಣೆಕಟ್ಟು, ಬಾಂದಾರ ಎಲ್ಲವೂ ಗೋಡೆ. ಮಳೆಗಾಲದಲ್ಲಿ ಮೇಲಕ್ಕೆ ಹತ್ತಿ ಮೊಟ್ಟೆ ಇಡುವ ದಾರಿ ಮುಚ್ಚುತ್ತದೆ. ಮುರ್ರೆಲ್‌ಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ, ಆಳವಿಲ್ಲದ ಜೊಂಡಿನ ಅಂಚು ಇದ್ದರೆ ಸಾಕು. ಹಿನ್ನೀರಿನ ಅಂಚು ಅದಕ್ಕೆ ಒಗ್ಗುವ ಜಾಗ. ತೊಂದರೆ ಬರುವುದು ಮಟ್ಟ ಬೇಗ ಬೇಗ ಏರಿಳಿದಾಗ. ಮೊಟ್ಟೆ ತೇಲುವುದು ದಂಡೆಯ ಅಂಚಿನಲ್ಲಿ, ಮೊಣಕಾಲು ಮಟ್ಟದ ನೀರಿನಲ್ಲಿ. ಗೇಟ್ ತೆಗೆದು ಒಂದೇ ದಿನದಲ್ಲಿ ನೀರು ಇಳಿದರೆ ಆ ಪದರ ಹುಲ್ಲಿನ ಮೇಲೆ ಉಳಿದು ಒಣಗುತ್ತದೆ. ಒಂದೇ ಸಮನೆ ನುಗ್ಗಿ ಬಂದರೆ ಕೊಚ್ಚಿ ಹೋಗುತ್ತದೆ. ಮೊಟ್ಟೆಯ ಆ ಒಂದೆರಡು ದಿನ, ಮರಿ ಈಜಲು ಕಲಿಯುವ ಮುಂದಿನ ಮೂರು ನಾಲ್ಕು ದಿನ, ಅಷ್ಟು ಹೊತ್ತು ನೀರು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿದ್ದರೆ ಅದರ ಕೆಲಸ ಆಗುತ್ತದೆ.

## ಹೈದರಾಬಾದಿನ ಮೀನು ಮದ್ದಿಗೂ ಇದೇನಾ?

ಹೌದು. ಮೃಗಶಿರಾ ಹುಟ್ಟುವ ಜೂನ್ 7–8ರ ಹೊತ್ತಿಗೆ ಹೈದರಾಬಾದಿನ ನಾಂಪಳ್ಳಿ ಮೈದಾನದಲ್ಲಿ ಬತ್ತಿನಿ ಮನೆತನದವರು ದಮ್ಮಿನವರಿಗೆ ಕೊಡುವುದು ಜೀವಂತ ಮುರ್ರೆಲ್ ಮರಿಯನ್ನೇ. ಎರಡು ಇಂಚಿನ ಮರಿಯ ಬಾಯಲ್ಲಿ ಹಳದಿ ಮದ್ದು ಇಟ್ಟು ನುಂಗಿಸುತ್ತಾರೆ. ಮೀನು ತಿನ್ನದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಇದರಿಂದ ದಮ್ಮು ವಾಸಿಯಾಗುತ್ತದೆ ಅನ್ನುವುದು ವೈದ್ಯ ವಿಜ್ಞಾನದ ಪರೀಕ್ಷೆಯಲ್ಲಿ ಸಾಬೀತಾಗಿಲ್ಲ. ಹೋಗುವವರು ಇನ್‌ಹೇಲರ್ ಮನೆಯಲ್ಲಿ ಬಿಟ್ಟು ಹೋಗಬೇಡಿ.

## ಕೃಷಿ ಹೊಂಡದಲ್ಲಿ ಸಾಕಬಹುದಾ?

ಮುಳ್ಳು ಕಡಿಮೆ, ಜೀವಂತ ಮಾರಬಹುದು, ರೇಟು ಚೆನ್ನಾಗಿದೆ. ಹಾಗಾಗಿ ವಿಜಯಪುರ, ಬಾಗಲಕೋಟೆ ಕಡೆ ಹೊಂಡ ತೋಡಿಸಿದವರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಸಾಕಬಹುದು. ಹಾರ್ಮೋನ್ ಕೊಟ್ಟು ಮರಿ ಮಾಡಿಸುವುದು ಇದರಲ್ಲೂ ಸಾಧ್ಯ, ಮರಿಗಳಿಗೆ ಗುಳಿಗೆ ಆಹಾರ ರೂಢಿ ಮಾಡಿಸುವುದೂ ಸಾಧ್ಯ. ನೀರಿಗೆ ಗಾಳಿ ಊದುವ ಯಂತ್ರದ ಅವಲಂಬನೆ ಕಟ್ಲಾ, ರೋಹುವಿನಷ್ಟು ಇಲ್ಲ.

ಆದರೆ ಮಾಂಸ ತಿನ್ನುವ ಮೀನು ಆದ್ದರಿಂದ ಆಹಾರದ ಖರ್ಚು ದೊಡ್ಡದು. ಅಕ್ಕಿತೌಡು, ಹಿಂಡಿ ಹಾಕಿ ಬೆಳೆಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದೇ ಅಳತೆಯ ಮರಿ ಬಿಡಬೇಕು, ಬೆಳೆಯುವಾಗ ಆಗಾಗ ಹಿಡಿದು ದೊಡ್ಡದು ಸಣ್ಣದು ಬೇರೆ ಮಾಡಬೇಕು. ಇಲ್ಲದಿದ್ದರೆ ಸಾವಿರ ಬಿಟ್ಟ ಹೊಂಡದಲ್ಲಿ ಕೊನೆಗೆ ಹೊಟ್ಟೆ ತುಂಬಿದ ಕೆಲವೇ ಕೆಲವು ಉಳಿದಿರುತ್ತವೆ. ಮರಿ ಕೊಳ್ಳುವಾಗಲೂ ಕಣ್ಣು ತೆರೆದಿರಲಿ. ಮುರ್ರೆಲ್‌ಗೆ ಮೀಸೆ ಇಲ್ಲ, ಮೈತುಂಬ ಹುರುಪೆ ಇರುತ್ತದೆ. ಬಾಯಿ ಸುತ್ತ ನಾಲ್ಕು ಜೊತೆ ಮೀಸೆ, ಹುರುಪೆ ಇಲ್ಲದ ನುಣುಪು ಚರ್ಮ ಕಂಡರೆ ಅದು ಬೇರೆ ಮೀನು. ಅದು ಆಫ್ರಿಕನ್ ಕ್ಯಾಟ್‌ಫಿಶ್ ಆಗಿದ್ದರೆ ಅದನ್ನು ಸಾಕುವುದಕ್ಕೆ ದೇಶದಲ್ಲಿ ನಿಷೇಧ ಇದೆ.

ಇನ್ನು ಹೊಂಡದ ಸುತ್ತ ಬಲೆ ಕಟ್ಟುವುದು. ಇದನ್ನು ಮೀನು ಬಿಡುವ ಮೊದಲೇ ಮಾಡಬೇಕು. ನೆಲದಿಂದ ಎರಡು ಮೂರು ಅಡಿ ಎತ್ತರ, ಬುಡವನ್ನು ಮಣ್ಣಿನಲ್ಲಿ ಹೂತು, ನೀರು ಒಳಗೆ ಬರುವ ಹೊರಗೆ ಹೋಗುವ ಕೊಳವೆ ಬಾಯಿಗೂ ಸೇರಿಸಿ. ಮೊದಲ ಮಳೆ ರಾತ್ರಿ ಬಿದ್ದರೆ, ಬದು ಒದ್ದೆಯಾದರೆ, ಅವು ಬೆಳಗಾಗುವುದರೊಳಗೆ ಪಕ್ಕದ ಹೊಲದ ಕಾಲುವೆ ಸೇರಿರುತ್ತವೆ.